ಉಳ್ಳಾಗಡ್ಡಿ ಈರುಳ್ಳಿ ಆದಾಗ: ಸಾದಾ ಎಡಿಟರ್ ತಾನಾಗಿ ಮ್ಯಾಟರ್ ಬದಲಿಸಿದರೆ ಮೂಲ ಹುಡುಕುವುದು ಹೇಗೆ

ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರು. ಲಗ್ನದ ಸೀಸನ್ ಬಂದರೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಅಂಥ ಒಂದು ದಿನ ವರನ ತಂದೆ ಅಚ್ಚಾದ 400 ಪತ್ರಿಕೆಗಳ ಬಂಡಲ್ ಹಿಡಿದು ಮರಳಿ ಬಂದರು. ಒಂದು ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಮಾಡಲಿಲ್ಲ. "ನಮ್ಮ ಅಡ್ಡಹೆಸರು ಏನ್ ಮಾಡೀರಿ ನೋಡ್ರೀ" ಅಂದರು, ಅಷ್ಟೇ.

ಅವರ ಮನೆತನದ ಅಡ್ಡಹೆಸರು ಉಳ್ಳಾಗಡ್ಡಿ. ನಮ್ಮ ಕಡೆ ಈರುಳ್ಳಿಗೆ ಅನ್ನುವ ಮಾತು ಅದು. ಪತ್ರಿಕೆಯಲ್ಲಿ ಮೂರು ಕಡೆ ಈರುಳ್ಳಿ ಅಂತ ಅಚ್ಚಾಗಿತ್ತು.

ಕೆಳಗೆ ಮಕ್ಕಳ ಹೆಸರಿನಲ್ಲಿ ಒಂದು ಸಾಲು ಇರುತ್ತದಲ್ವಾ, ಅದೂ ಬದಲಾಗಿತ್ತು. ಅವರು ಬರೆದುಕೊಟ್ಟಿದ್ದು "ನಮ್ಮ ಕಾಕಾನ ಲಗ್ನಕ್ಕ ತಪ್ಪದ ಬರ್ರಿ". ಅಚ್ಚಾಗಿದ್ದು "ನಮ್ಮ ಚಿಕ್ಕಪ್ಪನ ವಿವಾಹಕ್ಕೆ ತಪ್ಪದೇ ಆಗಮಿಸಿ". ಪ್ರೂಫ್‌ಗೆ ಅವರು ಸಹಿ ಹಾಕಿದ್ದರು. ಪ್ರೂಫ್ ಸರಿಯಾಗಿಯೇ ಇತ್ತು. ಆಮೇಲೆ ಮುಹೂರ್ತದ ವೇಳೆ ಬದಲಾಯಿತು ಅಂತ ಫೋನ್ ಬಂತು. ನಮ್ಮ ಹುಡುಗ ಮ್ಯಾಟರ್ (ಅಚ್ಚಿಗೆ ಹೋಗುವ ಪಠ್ಯ) ಇದ್ದ ಫೈಲನ್ನು ಸಾದಾ ಎಡಿಟರಿನಲ್ಲಿ, ಅಂದರೆ ಬರೀ ಅಕ್ಷರ ಇಡುವ ನೋಟ್‌ಪ್ಯಾಡ್ ಥರದ ಪ್ರೋಗ್ರಾಮಿನಲ್ಲಿ, ಮತ್ತೆ ತೆರೆದು, ವೇಳೆ ತಿದ್ದಿ, ಹೊಸದಾಗಿ ಹಾಕಿದ. ಆ ಹತ್ತು ನಿಮಿಷದಲ್ಲಿ ಇದೆಲ್ಲ ಆಗಿತ್ತು.

ಮೊದಲು ನಾನು ಹುಡುಗನ ಮೇಲೆಯೇ ರೇಗಿದೆ. "ಅಣ್ಣಾರ, ನಾ ಬರೇ ಟೈಮ್ ತಿದ್ದೀನ್ರೀ" ಅಂತ ಅವನು ಮತ್ತೆ ಮತ್ತೆ ಹೇಳಿದ. ಅವನು ಹೇಳಿದ್ದು ನಿಜ ಅಂತ ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮಲ್ಲೂ ಇಂಥದ್ದು ಆದರೆ ಎರಡು ತಾಸಿನಲ್ಲಿ ಮುಗಿಯಲಿ ಅಂತ.

ತಪ್ಪಿನ ಮುಖ ನೋಡಿ

ಅಕ್ಷರ ತಪ್ಪು ನಮ್ಮ ಕಸುಬಿಗೆ ಹೊಸದಲ್ಲ. ಆದರೆ ಎಲ್ಲ ತಪ್ಪೂ ಒಂದೇ ಥರ ಇರುವುದಿಲ್ಲ. ಸೆಟ್ಟಿಂಗ್ ತೆರೆಯುವ ಮೊದಲು ತಪ್ಪಾದ ಪದವನ್ನೇ ಒಂದು ನಿಮಿಷ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬೆರಳಿನ ತಪ್ಪಾದರೆ ಉಳ್ಳಾಗಡಿ ಆಗುತ್ತದೆ, ಉಳಾಗಡ್ಡಿ ಆಗುತ್ತದೆ. ಒಂದು ಒತ್ತು ಹೋಗಿರುತ್ತದೆ, ಒಂದು ದೀರ್ಘ ಜಾಸ್ತಿ ಆಗಿರುತ್ತದೆ. ಕೈಬರಹ ಓದಿದ್ದರಲ್ಲಿ ತಪ್ಪಾದರೆ ಆಕಾರ ಹೋಲುವ ಅಕ್ಷರ ಬರುತ್ತದೆ. ವ ಇದ್ದಲ್ಲಿ ಪ, ಘ ಇದ್ದಲ್ಲಿ ಫ. ಫೋಟೋದಿಂದ ಅಕ್ಷರ ತೆಗೆಯುವ ಆಪ್‌ಗಳೂ ಇದೇ ಜಾತಿಯ ತಪ್ಪು ಮಾಡುತ್ತವೆ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಇಡುವ ಪದ್ಧತಿ, ತಪ್ಪಾದರೆ ಒಂದು ಪದವಲ್ಲ, ಇಡೀ ಪುಟವೇ ಕಸ ಆಗುತ್ತದೆ. ಪ್ರಶ್ನಾರ್ಥಕ ಚಿಹ್ನೆ, ಡಬ್ಬಿ, ಅರ್ಥವಿಲ್ಲದ ಗುರುತುಗಳು. ಟೈಪ್ ಮಾಡುತ್ತಿದ್ದಂತೆ ತಾನೇ ತಿದ್ದುವ ಆಟೋಕರೆಕ್ಟ್ ಆದರೆ ಕಾಗುಣಿತ ಹತ್ತಿರ ಇರುವ ಇನ್ನೊಂದು ಪದ ಬರುತ್ತದೆ. ಇಲ್ಲವೇ ನೆಟ್ಟಗಿದ್ದ ಉದ್ಧರಣ ಚಿಹ್ನೆ ಸೊಟ್ಟಗಾಗುತ್ತದೆ.

ಎಐ ಮಾಡಿದ ಬದಲಾವಣೆಯ ಮುಖವೇ ಬೇರೆ. ಅಲ್ಲಿ ಅಕ್ಷರ ಹೋಲುವುದಿಲ್ಲ, ಅರ್ಥ ಹೋಲುತ್ತದೆ. ಉಳ್ಳಾಗಡ್ಡಿ ಮತ್ತು ಈರುಳ್ಳಿ ಎರಡರಲ್ಲಿ ಯಾವ ಕೀಲಿ ತಪ್ಪಿ ಒತ್ತಿದರೂ ಒಂದು ಇನ್ನೊಂದಾಗುವುದಿಲ್ಲ. ಆ ಪದಕ್ಕೆ ಅರ್ಥ ಇದೆ ಅಂತ ತಿಳಿದ ಯಾವುದೋ ಒಂದು ಅದನ್ನು ಬದಲಿಸಿರಬೇಕು. ಕಾಕಾ ಹೋಗಿ ಚಿಕ್ಕಪ್ಪ ಬಂದದ್ದೂ ಹಾಗೆಯೇ. ಲಗ್ನ ಹೋಗಿ ವಿವಾಹ ಬಂದದ್ದೂ ಹಾಗೆಯೇ. ತಪ್ಪಾದ ಸಾಲಿನಲ್ಲಿ ಒಂದೂ ಕಾಗುಣಿತ ತಪ್ಪಿಲ್ಲ, ವಾಕ್ಯ ಶುದ್ಧವಾಗಿದೆ, ಆದರೆ ನಮ್ಮ ಕಡೆಯ ಮಾತು ಮಾತ್ರ ಹೋಗಿದೆ ಅಂದರೆ ಅನುಮಾನ ಬೇಡ. ಪ್ರೂಫ್ ಓದುವವರ ಕಣ್ಣಿಗೂ ಇದು ಬೀಳುವುದಿಲ್ಲ, ಯಾಕೆಂದರೆ ನಾವು ಹುಡುಕುವುದು ಕಾಗುಣಿತ ತಪ್ಪನ್ನು.

ಉತ್ತರ ಕರ್ನಾಟಕದ ಅಡ್ಡಹೆಸರುಗಳಿಗೆ ಇದರಿಂದ ಅಪಾಯ ಜಾಸ್ತಿ. ಮೆಣಸಿನಕಾಯಿ, ಬೆಲ್ಲದ, ಅಂಗಡಿ, ಹೊಸಮನಿ, ಹಾದಿಮನಿ. ನಮಗೆ ಇವು ಮನೆತನ. ಯಂತ್ರಕ್ಕೆ ಇವು ತಿದ್ದಬಹುದಾದ ಪದ. ಹೊಸಮನಿ ಅನ್ನುವುದು ಹೊಸಮನೆ ಆದರೆ ಯಾರಿಗೂ ಥಟ್ಟನೆ ಕಾಣುವುದೂ ಇಲ್ಲ.

ಮೊದಲ ಐದು ನಿಮಿಷ

ಬದಲಾವಣೆ ಕಣ್ಣಿಗೆ ಬಿದ್ದ ಕೂಡಲೇ ಎಡಿಟರ್ ಮುಚ್ಚಬೇಡಿ. ಮುಚ್ಚಿದರೆ ಹಿಂದಕ್ಕೆ ಹೋಗುವ ದಾರಿ ಹೋಗುತ್ತದೆ. ಈಗ ತೆರೆಯ ಮೇಲೆ ಇರುವುದನ್ನು ಬೇರೆ ಹೆಸರಿನಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ. ಆಮೇಲೆ ಕಂಟ್ರೋಲ್ ಝಡ್ ಒಂದೊಂದೇ ಸಲ ಒತ್ತುತ್ತಾ ಹೋಗಿ. ಬೆರಳಿನಿಂದ ಟೈಪ್ ಮಾಡಿದ್ದು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಹೋಗುತ್ತದೆ. ಒಂದೇ ಒತ್ತಿಗೆ ಇಡೀ ಪ್ಯಾರಾ ಹಳೆಯ ರೂಪಕ್ಕೆ ಬಂದರೆ, ಯಾವುದೋ ಟೂಲ್ ಆ ಪ್ಯಾರಾವನ್ನು ಒಟ್ಟಿಗೆ ಬದಲಿಸಿದೆ ಅಂತ ಅರ್ಥ.

ಫೈಲ್ ಆಗಲೇ ಉಳಿಸಿಬಿಟ್ಟಿದ್ದರೆ ಹಳೆ ಪ್ರತಿ, ಹೊಸ ಪ್ರತಿ ಎರಡರ ಸೈಜ್ ನೋಡಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಬೈಟ್ ಲೆಕ್ಕದಲ್ಲಿ ಇರುತ್ತದೆ. ಈಗ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಎನ್‌ಕೋಡಿಂಗಿನ ಫೈಲಿನಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಅಕ್ಷರ, ಸ್ವರಚಿಹ್ನೆ, ಒತ್ತಿಗೆ ಬಳಸುವ ಹಲಂತ, ಎಲ್ಲವೂ ಬೇರೆ ಬೇರೆ ಗುರುತು. ಉಳ್ಳಾಗಡ್ಡಿ ಬಿಡಿಸಿದರೆ 10 ಗುರುತು, ಅಂದರೆ 30 ಬೈಟ್. ಈರುಳ್ಳಿ 7 ಗುರುತು, 21 ಬೈಟ್. ಮೂರು ಕಡೆ ಬದಲಾದರೆ 27 ಬೈಟ್ ಕಡಿಮೆ. ಬರೀ ವೇಳೆ ತಿದ್ದಿದ ಫೈಲ್ ಅಷ್ಟು ಇಳಿಯಬಾರದು. 10-30 ಅನ್ನು 11-45 ಮಾಡಿದರೆ ಸೈಜ್ ಒಂದು ಬೈಟೂ ಬದಲಾಗುವುದಿಲ್ಲ. ನಮ್ಮ ಹುಡುಗನ ಫೈಲಿನಲ್ಲಿ ವ್ಯತ್ಯಾಸ ನೋಡಿದಾಗಲೇ ನನಗೆ ಇದು ಕೈತಪ್ಪಲ್ಲ ಅಂತ ಖಾತ್ರಿಯಾಯಿತು.

ಎರಡು ಫೈಲ್ ಸಾಲು ಸಾಲಾಗಿ ಹೋಲಿಸಬೇಕಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಕಂಪೇರ್ ಎಂಬ ಪ್ಲಗಿನ್ ಸಿಗುತ್ತದೆ. ಬದಲಾದ ಸಾಲಿಗೆ ಬಣ್ಣ ಹಾಕಿ ತೋರಿಸುತ್ತದೆ.

ಪರೀಕ್ಷೆಯ ಸಾಲು ಒಂದು ಇಟ್ಟುಕೊಳ್ಳಿ

ಟಿವಿ ರಿಪೇರಿಯವರ ಹತ್ತಿರ ಮೀಟರ್ ಇರುವ ಹಾಗೆ ನಮ್ಮ ಹತ್ತಿರ ಒಂದು ಪರೀಕ್ಷೆಯ ಸಾಲು ಇರಬೇಕು. ನಮ್ಮ ಪ್ರೆಸ್ಸಿನಲ್ಲಿ ಗೋಡೆಗೆ ಅಂಟಿಸಿದ ಸಾಲು ಇದು:

ಉಳ್ಳಾಗಡ್ಡಿ ಕಾಕಾ, ಹೊಸಮನಿ ಕಾಕು, "ಬರ್ರಿ" -- ... # * ನೋಟ್‌ಬುಕ್ 10-30

ಸುಮ್ನೆ ಕೂಡಿಸಿದ ಪದಗಳಲ್ಲ ಇವು. ಅಡ್ಡಹೆಸರು ಮತ್ತು ಆಡುಮಾತು ಇರುವುದು ಎಐ ತಿದ್ದುತ್ತದೆಯಾ ನೋಡಲು. ನೆಟ್ಟನೆಯ ಉದ್ಧರಣ ಚಿಹ್ನೆ, ಎರಡು ಅಡ್ಡಗೆರೆ, ಮೂರು ಚುಕ್ಕೆ ಇರುವುದು ಆಟೋಕರೆಕ್ಟ್ ನೋಡಲು. ಎರಡು ಅಡ್ಡಗೆರೆ ಸೇರಿ ಒಂದು ಉದ್ದ ಗೆರೆ ಆದರೆ ಅದು ಆನ್ ಇದೆ ಅಂತ ಅರ್ಥ. # ಮತ್ತು * ಇರುವುದು ಮಾರ್ಕ್‌ಡೌನ್ ಫಾರ್ಮ್ಯಾಟಿಂಗ್ ನೋಡಲು, ಅಂದರೆ ಇಂಥ ಗುರುತುಗಳನ್ನು ತಲೆಬರಹ, ಪಟ್ಟಿ ಮಾಡಿ ತೋರಿಸುತ್ತದೆಯಾ ಅಂತ.

ಕೊನೆಯ ನೋಟ್‌ಬುಕ್ ಬಗ್ಗೆ ಸ್ವಲ್ಪ ಹೇಳಬೇಕು. ಟ್ ಮತ್ತು ಬು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇದೆ. ಅದು ಎರಡು ವ್ಯಂಜನ ಕೂಡಿ ಒತ್ತಕ್ಷರ ಆಗದಂತೆ ತಡೆಯುತ್ತದೆ. ಕಾಣದಿದ್ದರೂ ಫೈಲಿನಲ್ಲಿ 3 ಬೈಟ್ ಜಾಗ ಹಿಡಿಯುತ್ತದೆ. ಪಠ್ಯವನ್ನು "ಸ್ವಚ್ಛ" ಮಾಡುವ ಟೂಲ್‌ಗಳು ಇದನ್ನು ಕಸ ಅಂದುಕೊಂಡು ತೆಗೆದರೆ ನೋಟ್ಬುಕ್ ಅಂತ ಆಗುತ್ತದೆ. ನೋಟ್‌ಬುಕ್ ಅಚ್ಚು ಹಾಕುವ ಊರಿನಲ್ಲಿ ಆ ಪದ ರಟ್ಟಿನ ಮೇಲೆ ಹಾಗೆ ಹೋಗುವುದು ಸರಿಯಲ್ಲ.

ಮೂಲ ಎಲ್ಲಿದೆ? ಹಿಂದಿನಿಂದ ಮುಂದಕ್ಕೆ ಬನ್ನಿ

ಗಿರಾಕಿ ಮ್ಯಾಟರ್ ಕಳಿಸುವುದು ಬಹಳ ಸಲ ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿಂದಲೇ ಶುರು ಮಾಡಿ. ಮೂಲ ಮೆಸೇಜ್ ತೆರೆದು ನೋಡಿ. ಅಲ್ಲೇ ತಪ್ಪಿದ್ದರೆ ಅವರ ಫೋನಿನ ಕೀಬೋರ್ಡ್ ಪದ ಬದಲಿಸಿರಬಹುದು. ಹಾಗಿದ್ದರೆ ನಮ್ಮ ಮಷೀನಿನಲ್ಲಿ ಹುಡುಕುವುದು ವ್ಯರ್ಥ. ಮನೆತನದ ಹಳೆ ಪತ್ರಿಕೆ ಒಂದರ ಫೋಟೋ ಕಳಿಸಿ ಅಂತ ಕೇಳಿ, ಹೆಸರುಗಳನ್ನು ಅದರಿಂದ ತಾಳೆ ನೋಡಿ.

ಮೂಲ ಸರಿ ಇದ್ದರೆ ಮುಂದಿನದು ಕೀಬೋರ್ಡ್. ವಿಂಡೋಸ್ ಕೀಲಿ ಜೊತೆ ಆರ್ ಒತ್ತಿದರೆ ರನ್ ಡಬ್ಬಿ ಬರುತ್ತದೆ. ಪರೀಕ್ಷೆಯ ಸಾಲನ್ನು ಅಲ್ಲಿ ಟೈಪ್ ಮಾಡಿ. ಅಲ್ಲಿ ಎಡಿಟರ್ ಇಲ್ಲವೇ ಇಲ್ಲ. ಅಲ್ಲೂ ಪದ ಬದಲಾದರೆ ತಪ್ಪು ಕೀಬೋರ್ಡ್ ಸಾಫ್ಟ್‌ವೇರಿನದು ಅಥವಾ ವಿಂಡೋಸ್‌ನ ಟೈಪಿಂಗ್ ಸೆಟ್ಟಿಂಗ್‌ನದು. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರೊಳಗೆ ಟೈಪಿಂಗ್. ಸಲಹೆ ತೋರಿಸುವುದು, ತಪ್ಪು ಪದ ತಾನೇ ತಿದ್ದುವುದು, ಎಲ್ಲ ಆಫ್ ಮಾಡಿ.

ಅದೂ ಸರಿ ಇದ್ದರೆ ಎಡಿಟರ್. ಸಾಲನ್ನು ಟೈಪ್ ಮಾಡಿ ನೋಡಿ, ಆಮೇಲೆ ಪೇಸ್ಟ್ ಮಾಡಿ ನೋಡಿ. ಟೈಪ್ ಮಾಡುವಾಗ ಮಾತ್ರ ಬದಲಾದರೆ ಆಟೋಕರೆಕ್ಟ್. ಎರಡರಲ್ಲೂ ಏನೂ ಆಗದೆ, ಪಠ್ಯ ಸೆಲೆಕ್ಟ್ ಮಾಡಿ ಏನೋ ಒತ್ತಿದಾಗ ಮಾತ್ರ ಬದಲಾದರೆ ಅದು ರೀರೈಟ್ (ಪಠ್ಯವನ್ನು ಬೇರೆ ಮಾತಿನಲ್ಲಿ ಮತ್ತೆ ಬರೆಯುವುದು) ಥರದ ಎಐ ಬಟನ್.

ನಮ್ಮಲ್ಲಿ ಆಗಿದ್ದು ಇದೇ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವತ್ತು ಮಾಡಿದ್ದನ್ನೇ ಮತ್ತೆ ಮಾಡು ಅಂದೆ. ನಾನು ಅವನ ಕೈ ನೋಡುತ್ತಿದ್ದೆ. ವೇಳೆ ತಿದ್ದಿದ. ಪೂರ್ತಿ ಮ್ಯಾಟರ್ ಸೆಲೆಕ್ಟ್ ಮಾಡಿದ. ಕಾಪಿ ಮಾಡಲು ಮೌಸ್‌ನ ಬಲಗಡೆ ಒತ್ತಿದ. ವರ್ಷಗಟ್ಟಲೆ ಕಾಪಿ ಇದ್ದ ಜಾಗದಲ್ಲಿ ಈಗ ಹೊಸ ಆಯ್ಕೆ ಒಂದು ಬಂದಿತ್ತು. ಕೈ ಹಳೆ ಜಾಗಕ್ಕೇ ಹೋಯಿತು. ಒಂದು ಡಬ್ಬಿ ತೆರೆಯಿತು, ಅದರಲ್ಲಿ ಕನ್ನಡವೇ ಇತ್ತು, ಅದೇ ಪತ್ರಿಕೆಯ ಥರವೇ ಇತ್ತು. ಡಬ್ಬಿ ಹೋಗಲಿ ಅಂತ ದೊಡ್ಡದಾಗಿ ಕಾಣುವ ಬಟನ್ ಒತ್ತಿದ. ಆ ಬಟನ್ ರಿಪ್ಲೇಸ್. ಮೂರು ಸೆಕೆಂಡ್ ಕೂಡ ಆಗಲಿಲ್ಲ.

ಅವನ ಕೈಯಲ್ಲಿ ತಪ್ಪಿರಲಿಲ್ಲ. ಕೈ ಕಲಿತ ಜಾಗವನ್ನು ಕೇಳದೆ ಬದಲಿಸಿದ್ದು ತಪ್ಪು. ಬರೆದದ್ದನ್ನು ಬರೆದ ಹಾಗೆ ಇಡಲಿ ಅಂತಲೇ ನಾವು ಸಾದಾ ಎಡಿಟರ್ ಬಳಸುವುದು. ವಾಟ್ಸ್‌ಆ್ಯಪ್‌ನಿಂದ ಬಂದ ಬಣ್ಣ, ದಪ್ಪ, ಫಾಂಟ್ ಎಲ್ಲ ಕಳಚಿ ಬರೀ ಅಕ್ಷರ ಉಳಿಯಲಿ ಅಂತ ಅದರೊಳಗೆ ಹಾಯಿಸುತ್ತೇವೆ. ಸೋಸುವ ಅರಿವೆ ಹಾಲಿಗೆ ತಾನೇ ಸಕ್ಕರೆ ಹಾಕಿದರೆ ಹೇಗೆ?

ಎಐ ಬಟನ್ ಮೇಲೆ ಅನುಮಾನ ಬಂದರೆ ನೆಟ್ ತೆಗೆದು ಅದೇ ಬಟನ್ ಒತ್ತಿ ನೋಡಿ. ಕೆಲಸ ಮಾಡದಿದ್ದರೆ ಪಠ್ಯ ಹೊರಗಿನ ಸರ್ವರ್‌ಗೆ ಹೋಗುತ್ತಿತ್ತು ಅಂತ ತಿಳಿಯಿರಿ. ನೆಟ್ ಇಲ್ಲದೆಯೂ ಕೆಲಸ ಮಾಡಿದರೆ ಟೂಲ್ ಮಷೀನಿನಲ್ಲೇ ಇದೆ, ಕೆಲವು ಹೊಸ ಕಂಪ್ಯೂಟರ್‌ಗಳಲ್ಲಿ ಹಾಗೂ ಇರುತ್ತದೆ. ಇದು ಬರೀ ಕುತೂಹಲಕ್ಕಲ್ಲ. ಒಂದು ಲಗ್ನ ಪತ್ರಿಕೆಯಲ್ಲಿ ಎಷ್ಟು ಫೋನ್ ನಂಬರ್, ಎಷ್ಟು ಮನೆಯ ವಿಳಾಸ ಇರುತ್ತವೆ ಯೋಚಿಸಿ. ಪಹಣಿ, ಅಫಿಡವಿಟ್ ಟೈಪ್ ಮಾಡುವ ಅಂಗಡಿಗಳಲ್ಲಂತೂ ಇನ್ನೂ ಜಾಸ್ತಿ. ಅವರು ನಂಬಿ ಕೊಟ್ಟದ್ದು ನಮಗೆ.

ಆಫ್ ಮಾಡುವುದು

ಹೆಚ್ಚಿನವರ ಮಷೀನಿನಲ್ಲಿ ಇರುವುದು ವಿಂಡೋಸ್‌ನ ನೋಟ್‌ಪ್ಯಾಡ್, ಹಾಗಾಗಿ ಅದರದ್ದೇ ಹೇಳುತ್ತೇನೆ. 1985ರ ವಿಂಡೋಸ್ 1.0 ಕಾಲದಿಂದ ಇರುವ ಪ್ರೋಗ್ರಾಮ್ ಇದು. ವಿಂಡೋಸ್ 11ರಲ್ಲಿ 2024ರಲ್ಲಿ ಕಾಗುಣಿತ ಪರೀಕ್ಷೆ ಮತ್ತು ಆಟೋಕರೆಕ್ಟ್ ಸೇರಿದವು. ಅದೇ ವರ್ಷ ನವೆಂಬರ್‌ನಲ್ಲಿ ರೀರೈಟ್ ಪರೀಕ್ಷೆಗೆ ಬಂತು. 2025ರಲ್ಲಿ ಸಾರಾಂಶ ಮಾಡುವುದು, ಹೊಸದಾಗಿ ಬರೆದುಕೊಡುವುದು, ಮಾರ್ಕ್‌ಡೌನ್ ಫಾರ್ಮ್ಯಾಟಿಂಗ್ ಬಂದವು.

ನೋಟ್‌ಪ್ಯಾಡ್ ಕಿಟಕಿಯ ಬಲಗಡೆ ಮೇಲೆ ಗೇರ್ ಚಿತ್ರ ಇದೆ. ಅದನ್ನು ಒತ್ತಿ. ಕೆಳಗೆ ಹೋದಂತೆ ಸ್ಪೆಲ್ ಚೆಕ್, ಆಟೋಕರೆಕ್ಟ್, ಫಾರ್ಮ್ಯಾಟಿಂಗ್, ಎಐ ಅಥವಾ ಕೋಪೈಲಟ್ (ಮೈಕ್ರೋಸಾಫ್ಟ್‌ನ ಎಐ) ಅಂತ ಬೇರೆ ಬೇರೆ ಸ್ವಿಚ್ ಸಿಗುತ್ತವೆ.  ನಾಲ್ಕನ್ನೂ ಆಫ್ ಮಾಡಿ. ಹತ್ತಾರು ಮಷೀನ್ ಇರುವ ಕಡೆ ಎಲ್ಲದರಲ್ಲೂ ನೋಟ್‌ಪ್ಯಾಡ್ ಎಐ ಒಟ್ಟಿಗೆ ತಡೆಯುವ ಪಾಲಿಸಿಯೂ ಇದೆ, ನಿಮ್ಮ ಸಿಸ್ಟಮ್ ನೋಡಿಕೊಳ್ಳುವವರಿಗೆ ಹೇಳಿ ಮಾಡಿಸಿ.

ಹಳೆ ನೋಟ್‌ಪ್ಯಾಡೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ, ನನಗೆ ಇದು ಎಲ್ಲಕ್ಕಿಂತ ಇಷ್ಟ. ವಿಂಡೋಸ್ 11ರ ಎಷ್ಟೋ ಮಷೀನ್‌ಗಳಲ್ಲಿ ಹಳೆಯದು ವಿಂಡೋಸ್ ಫೋಲ್ಡರ್‌ನಲ್ಲಿ ಇನ್ನೂ ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್, ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್ ಅಂತ ಒಂದೊಂದೇ ತೆರೆದು, ನೋಟ್‌ಪ್ಯಾಡ್ ಎದುರಿನ ಸ್ವಿಚ್ ಆಫ್ ಮಾಡಿ. ಆಮೇಲೆ ರನ್ ಡಬ್ಬಿಯಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷ್‌ನಲ್ಲಿ ಹೊಡೆದರೆ ಹಳೆಯದು ತೆರೆಯುತ್ತದೆ. ಟ್ಯಾಬ್ ಇಲ್ಲ, ಬಟನ್ ಇಲ್ಲ. ಬಿಳಿ ಹಾಳೆ, ನಿಮ್ಮ ಅಕ್ಷರ.

ವರ್ಡ್‌ಪ್ಯಾಡ್ ಹುಡುಕಬೇಡಿ, 2024ರ 24ಎಚ್2 ಆವೃತ್ತಿಯಿಂದ ಅದನ್ನು ತೆಗೆದುಬಿಟ್ಟಿದ್ದಾರೆ.

ಬೇರೆ ಎಡಿಟರ್ ಬೇಕಿದ್ದರೆ 2003ರಿಂದ ಪುಕ್ಕಟೆ ಸಿಗುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ನಮ್ಮ ಕೆಲಸಕ್ಕೆ ಚೆನ್ನಾಗಿದೆ. ಕಾಣದ ಗುರುತುಗಳನ್ನು ತೋರಿಸುವ ಆಯ್ಕೆಯೂ ಅದರಲ್ಲಿದೆ. ಆದರೆ ಅದರಲ್ಲೂ ಟೈಪ್ ಮಾಡುವಾಗ ಪದ ಸೂಚಿಸುವ ಆಟೋ ಕಂಪ್ಲೀಷನ್ ಇರುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ ಮೊದಲ ದಿನವೇ ಆಫ್ ಮಾಡಿ.

ನುಡಿ ಫಾಂಟಿನ ಫೈಲ್ ಇದ್ದರೆ

ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಕೆಲಸ ಮಾಡುವವರ ಹತ್ತಿರ, ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನ ಮ್ಯಾಟರ್ ರಾಶಿ ಇರುತ್ತದೆ. ಇಲ್ಲಿ ತೊಂದರೆ ಇನ್ನೂ ಆಳ. ಈ ಫೈಲಿನೊಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ನ ಅಕ್ಷರ ಇರುವುದು ಪೌಂಡ್ ಹಣದ ಚಿಹ್ನೆಯ ಜಾಗದಲ್ಲಿ. ಲ ಇರುವುದು ನೋಂದಾಯಿತ ಟ್ರೇಡ್‌ಮಾರ್ಕ್ ಚಿಹ್ನೆಯ ಜಾಗದಲ್ಲಿ. ಆಟೋಕರೆಕ್ಟ್‌ಗೂ ಎಐಗೂ ಇದು ಓದಲಾಗದ ಇಂಗ್ಲಿಷ್ ಥರ ಕಾಣುತ್ತದೆ. ಅದನ್ನು ತಿದ್ದಲು ಬಿಟ್ಟರೆ ಮ್ಯಾಟರ್ ಹೋಯಿತು.

ಒಂದು ಉದಾಹರಣೆ ಕೊಡುತ್ತೇನೆ. ನುಡಿಯಲ್ಲಿ ಜ ಇರುವುದು ಇಂಗ್ಲಿಷ್‌ನ ಸಣ್ಣ ಡಿ ಜಾಗದಲ್ಲಿ, ಆ ಇರುವುದು ದೊಡ್ಡ ಡಿ ಜಾಗದಲ್ಲಿ. ವರ್ಡ್‌ನಂಥ ಪ್ರೋಗ್ರಾಮ್‌ಗಳಲ್ಲಿ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಇರುತ್ತದೆ. ಅದು ಆನ್ ಇದ್ದಾಗ ಪತ್ರಿಕೆಯ ತಲೆಯಲ್ಲಿ ಜಗದ್ಗುರು ಅಂತ ಹೊಡೆದರೆ ಆಗದ್ಗುರು ಅಂತ ಬೀಳುತ್ತದೆ. ಜ ಇದ್ದಲ್ಲೆಲ್ಲ ಅಲ್ಲ, ಸಾಲಿನ ಶುರುವಿನಲ್ಲಿ ಮಾತ್ರ ಹೀಗಾದರೆ ಕಾರಣ ಇದೇ.

ಆದರೆ ನುಡಿ ಫೈಲ್ ಪೂರ್ತಿ ಕಸವಾಗಿ ತೆರೆದರೆ ಎಐ ಮೇಲೆ ತಪ್ಪು ಹೊರಿಸಬೇಡಿ. ವಿಂಡೋಸ್ 10ರ 2019ರ ಆವೃತ್ತಿಯಿಂದ ನೋಟ್‌ಪ್ಯಾಡ್ ಹೊಸ ಫೈಲನ್ನು ಯುಟಿಎಫ್-8ರಲ್ಲಿ ಉಳಿಸುತ್ತದೆ. ಹಳೆಯ ನುಡಿ ಫೈಲ್‌ಗಳು ಆನ್ಸಿ ಎಂಬ ಹಳೆ ಎನ್‌ಕೋಡಿಂಗ್‌ನಲ್ಲಿರುತ್ತವೆ. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಬಲಗಡೆ ಯಾವ ಎನ್‌ಕೋಡಿಂಗ್ ಅಂತ ಬರೆದಿರುತ್ತದೆ. ತಪ್ಪಾಗಿದ್ದರೆ ಉಳಿಸದೆ ಮುಚ್ಚಿ, ಓಪನ್ ಡಬ್ಬಿಯಲ್ಲಿ ಆನ್ಸಿ ಆರಿಸಿ ಮತ್ತೆ ತೆರೆಯಿರಿ.

ಮತ್ತೆ ಮರುಕಳಿಸಿದರೆ

ಎಲ್ಲ ಆಫ್ ಮಾಡಿದ ಮೇಲೂ ಕೆಲವು ವಾರ ಬಿಟ್ಟು ಮತ್ತೆ ಕಾಣಿಸಿಕೊಂಡರೆ ಮೊದಲು ಅಪ್‌ಡೇಟ್ ತಾರೀಖು ನೋಡಿ. ಅಪ್‌ಡೇಟ್ ಆದಾಗ ಹೊಸ ಬಟನ್ ಬಂದಿರಬಹುದು, ಅದಕ್ಕೆ ಬೇರೆಯೇ ಸ್ವಿಚ್ ಇರಬಹುದು. ನಮ್ಮಲ್ಲಿ ಅಪ್‌ಡೇಟ್ ಆದ ದಿನ ಬೆಳಗ್ಗೆ ಮೊದಲ ಕೆಲಸ ಗೋಡೆಯ ಸಾಲನ್ನು ಟೈಪ್ ಮಾಡಿ, ಸೆಲೆಕ್ಟ್ ಮಾಡಿ, ಬಲಗಡೆ ಒತ್ತಿ, ಪಟ್ಟಿಯಲ್ಲಿ ಏನಿದೆ ಅಂತ ಓದುವುದು. ಹುಡುಗನೇ ಮಾಡುತ್ತಾನೆ.

ಗಿರಾಕಿ ಒಪ್ಪಿ ಸಹಿ ಹಾಕಿದ ಮ್ಯಾಟರ್ ಫೈಲಿಗೆ ಈಗ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಗುರುತು ಹಾಕುತ್ತೇವೆ. ತಿದ್ದಬೇಕಾದರೆ ಪ್ರತಿ ತೆಗೆದು ತಿದ್ದುತ್ತೇವೆ. ತಿದ್ದಿದ್ದು ಒಂದು ಅಂಕಿ ಇದ್ದರೂ ಹೊಸ ಪ್ರೂಫ್ ತೆಗೆದು, ಹೆಸರುಗಳನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಮೂಲದಲ್ಲಿ ನೋಡುತ್ತಾರೆ. ಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ಹಿರಿಯರು ಹೀಗೇ ಮಾಡುತ್ತಿದ್ದರು.

ಆ 400 ಪತ್ರಿಕೆ ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿದೆವು. ವರನ ತಂದೆ ಬಂದು ಬಂಡಲ್ ಬಿಚ್ಚಿ, ಮೇಲಿನ ಪತ್ರಿಕೆ ತೆಗೆದು, ಅಡ್ಡಹೆಸರಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಮಕ್ಕಳ ಸಾಲಿಗೆ ಬಂದರು. ಕಾಕಾನ ಲಗ್ನಕ್ಕ ತಪ್ಪದ ಬರ್ರಿ.

"ಈಗ ಛಲೋ ಆತ್ ನೋಡ್ರಿ" ಅಂದು, ಹುಡುಗನ ಕೈಗೆ ಒಂದು ಪತ್ರಿಕೆ ಕೊಟ್ಟು ಹೋದರು.